ಆಸ್ಪತ್ರೆಯಿಂದ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗೋದು? ಕೊಡಗಿನ ಮನೆಗಳಿಗೆ ಒಂದು ಹೋಲಿಕೆ

"ನಾಳೆ ಬೆಳಿಗ್ಗೆ ಡಿಸ್ಚಾರ್ಜ್ ಮಾಡ್ತೀವಿ" ಅಂತ ಡಾಕ್ಟರ್ ಹೇಳಿದಾಗ ನಾವು ಮೂವರು ಮಕ್ಕಳು ಮೈಸೂರಿನ ಆಸ್ಪತ್ರೆಯೊಂದರ ವರಾಂಡದಲ್ಲಿ ನಿಂತಿದ್ದೆವು. ಖುಷಿಪಡಬೇಕಾದ ಮಾತು. ಆದರೆ ಮೂವರ ಮುಖದಲ್ಲೂ ಒಂದೇ ಪ್ರಶ್ನೆ ಇತ್ತು. ಎಲ್ಲಿಗೆ?

ಅವ್ವನಿಗೆ ಆಗ 81 ವರ್ಷ. ಜುಲೈ ತಿಂಗಳ ಮಳೆ. ಹಿತ್ತಲಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ತೊಡೆ ಮೂಳೆ ಮುರಿದಿತ್ತು. ಮಾರನೇ ದಿನವೇ ಆಪರೇಷನ್ ಮಾಡಿ ಅರ್ಧ ಕೀಲು ಬದಲಾಯಿಸಿದರು. ಆರನೇ ದಿನಕ್ಕೆ ಡಿಸ್ಚಾರ್ಜ್. ನಮ್ಮ ಮನೆ ಸೋಮವಾರಪೇಟೆ ಕಡೆ, ಟಾರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಕಾಫಿ ತೋಟದ ನಡುವೆ. ಅಣ್ಣ ಬೆಂಗಳೂರಿನಲ್ಲಿ, ಅಕ್ಕ ಹಾಸನದಲ್ಲಿ. ಊರಲ್ಲಿ ಇದ್ದದ್ದು ನಾನು ಮತ್ತು ನನ್ನ ಹೆಂಡತಿ.

ಮುಂದಿನ ಒಂದೂವರೆ ವರ್ಷದಲ್ಲಿ ನಾವು ಹೆಚ್ಚುಕಮ್ಮಿ ಎಲ್ಲ ದಾರಿಗಳನ್ನೂ ತುಳಿದೆವು. ಮನೆ, ಹೋಂ ನರ್ಸ್, ಮೈಸೂರಿನ ಪಾಲನಾ ಕೇಂದ್ರ, ಮತ್ತೆ ಮನೆ, ಮತ್ತೆ ಕೇಂದ್ರ. ಈಗ ಯಾರಾದರೂ ಫೋನ್ ಮಾಡಿ "ನಮ್ಮಮ್ಮನ್ನ ಏನ್ ಮಾಡೋದು" ಅಂತ ಕೇಳಿದರೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ರಾತ್ರಿಯ ಲೆಕ್ಕ

ಎಲ್ಲರೂ ಜಾಗದಿಂದ ಶುರು ಮಾಡುತ್ತಾರೆ. ಮನೆ ಒಳ್ಳೇದಾ, ಆಶ್ರಮ ಒಳ್ಳೇದಾ, ಮಗಳ ಮನೆ ಒಳ್ಳೇದಾ ಅಂತ. ನನ್ನ ಅನುಭವದಲ್ಲಿ ಶುರು ಮಾಡಬೇಕಾದದ್ದು ಅಲ್ಲಿಂದಲ್ಲ. ಒಂದು ಪ್ರಶ್ನೆಯಿಂದ: ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ಬಚ್ಚಲಿಗೆ ಹೋಗಬೇಕು ಅನ್ನಿಸಿದರೆ ಎಬ್ಬಿಸುವವರು ಯಾರು? ನಾಳೆ ರಾತ್ರಿ ಯಾರು, ಮುಂದಿನ ತಿಂಗಳ ಹದಿನೈದನೇ ರಾತ್ರಿ ಯಾರು?

ಹಗಲನ್ನು ಹೇಗಾದರೂ ದಾಟಿಸಬಹುದು. ಅಕ್ಕಪಕ್ಕದವರು ಬರುತ್ತಾರೆ, ತೋಟದ ಕೆಲಸದ ಹೆಂಗಸರು ಒಂದು ಕೈ ಹಿಡಿಯುತ್ತಾರೆ. ರಾತ್ರಿ ಯಾರೂ ಇರುವುದಿಲ್ಲ. ವಯಸ್ಸಾದವರು ಮತ್ತೆ ಬೀಳುವುದೂ ಹೆಚ್ಚಾಗಿ ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಆ ಹತ್ತು ಹೆಜ್ಜೆಯಲ್ಲೇ.

ಆದ್ದರಿಂದ ಡಿಸ್ಚಾರ್ಜಿಗೆ ಮೊದಲು ವಾರ್ಡಿನಲ್ಲೇ ಒಂದು ಪೂರ್ತಿ ದಿನ, ಒಂದು ಪೂರ್ತಿ ರಾತ್ರಿ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಿ. ಎಷ್ಟು ಸಲ ಎದ್ದರು. ಎಷ್ಟು ಜನ ಹಿಡಿಯಬೇಕಾಯಿತು, ಒಬ್ಬರಾ ಇಬ್ಬರಾ. ತಾವೇ ಊಟ ಮಾಡಿದರಾ. ನುಂಗುವಾಗ ಕೆಮ್ಮು ಬಂತಾ. ಮಗ್ಗುಲು ತಾವೇ ತಿರುಗುತ್ತಾರಾ. ಈ ಚೀಟಿ ಕೈಯಲ್ಲಿದ್ದರೆ ಅರ್ಧ ತೀರ್ಮಾನ ಆದ ಹಾಗೆ. ಒಬ್ಬರು ಹಿಡಿದರೆ ಏಳುವ ಅಮ್ಮನಿಗೂ ಇಬ್ಬರು ಎತ್ತಬೇಕಾದ ಅಮ್ಮನಿಗೂ ಬೇಕಾದ ಜಾಗ ಬೇರೆ ಬೇರೆ.

ಇನ್ನೊಂದು ಮಾತು. ಈ ಮೊದಲ ತೀರ್ಮಾನವನ್ನು ಆರು ವಾರಕ್ಕೆ ಮಾತ್ರ ಮಾಡಿ. ಜೀವನಪೂರ್ತಿ ಅಂತ ಮಾಡಬೇಡಿ. ಕಾರಣ ಇದೆ. ಆಪರೇಷನ್ ಆದ ಮೂರನೇ ದಿನ ಅವ್ವ ನನ್ನನ್ನು ತನ್ನ ತಮ್ಮ ಅಂದುಕೊಂಡಳು. ಸಂಜೆಯಾದರೆ "ಹಸು ಕಟ್ಟಿಲ್ಲ, ಬಿಡಿ ನನ್ನ" ಅಂತ ಮಂಚದಿಂದ ಇಳಿಯಲು ಹೋಗುತ್ತಿದ್ದಳು. ನಾವು ಹಸು ಮಾರಿ ಹತ್ತು ವರ್ಷ ಆಗಿತ್ತು. ಅರಳು ಮರಳು ಶುರುವಾಯಿತು, ಇನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗೋದಿಲ್ಲ ಅಂತ ಅಣ್ಣ ಅವತ್ತೇ ತೀರ್ಮಾನಿಸಿಬಿಟ್ಟಿದ್ದ. ಆದರೆ ಹೀಗೆ ಒಂದೆರಡು ದಿನದಲ್ಲಿ ದಿಢೀರ್ ಅಂತ ಬಂದು, ಬೆಳಿಗ್ಗೆ ಕಮ್ಮಿ ಸಂಜೆ ಜಾಸ್ತಿ ಆಗುವ ಗೊಂದಲ ಮರೆವಿನ ಕಾಯಿಲೆ ಅಲ್ಲ. ಅದನ್ನು ಡಿಲಿರಿಯಂ ಅನ್ನುತ್ತಾರೆ. ಮೂತ್ರದ ಸೋಂಕು, ಮಲಬದ್ಧತೆ, ನೀರು ಸಾಲದೆ ಇರುವುದು, ರಕ್ತದಲ್ಲಿ ಸೋಡಿಯಂ ಕಮ್ಮಿಯಾಗುವುದು, ಹೊಸ ನೋವಿನ ಮಾತ್ರೆ, ನಿದ್ದೆಗೇಡು, ಹೀಗೆ ಏನೋ ಒಂದು ಕಾರಣ ಹಿಂದೆ ಇರುತ್ತದೆ. ಕಾರಣ ಹುಡುಕಿದರೆ ಬಹಳ ಜನರಿಗೆ ಕಮ್ಮಿಯಾಗುತ್ತದೆ, ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತದೆ. ಅವ್ವನ ಕನ್ನಡಕ ಬ್ಯಾಗಿನಲ್ಲೇ ಉಳಿದಿತ್ತು. ಹಾಕಿಸಿ, ಕಣ್ಣೆದುರು ಒಂದು ಗಡಿಯಾರ ಇಟ್ಟು, ರಾತ್ರಿ ಅಕ್ಕ ಪಕ್ಕದಲ್ಲೇ ಮಲಗಿದ ಮೇಲೆ ಎಷ್ಟೋ ಸಮಾಧಾನ ಆದಳು. ಈ ಗೊಂದಲ ಇರುವಾಗ ಯಾವ ಶಾಶ್ವತ ತೀರ್ಮಾನವೂ ಬೇಡ.

ನರ್ಸಿಂಗ್ ಹೋಂ ಅಂದರೆ ಏನು?

ಹೆಸರಿನ ಗೊಂದಲ ಒಂದಿದೆ. ವಿದೇಶದಲ್ಲಿರುವ ಮಕ್ಕಳು "ಅಮ್ಮನ್ನ ಒಳ್ಳೆ ನರ್ಸಿಂಗ್ ಹೋಮಿಗೆ ಸೇರಿಸಿ" ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಇರುವುದು ವಯಸ್ಸಾದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಜಾಗ. ನಮ್ಮಲ್ಲಿ ನರ್ಸಿಂಗ್ ಹೋಂ ಅಂದರೆ ಚಿಕ್ಕ ಖಾಸಗಿ ಆಸ್ಪತ್ರೆ. ಡಾಕ್ಟರ್ ಇರುತ್ತಾರೆ, ಹತ್ತಿಪ್ಪತ್ತು ಹಾಸಿಗೆ ಇರುತ್ತದೆ, ಜ್ವರ, ಹೆರಿಗೆ, ಡ್ರಿಪ್. ಅದು ಇರುವ ಜಾಗವಲ್ಲ.

ಆದರೂ ಅದಕ್ಕೆ ಒಂದು ಒಳ್ಳೆ ಉಪಯೋಗ ಇದೆ. ಮೈಸೂರು ಅಥವಾ ಮಂಗಳೂರಿನಲ್ಲಿ ಆಪರೇಷನ್ ಆಗಿ ಇನ್ನೂ ಐದಾರು ದಿನ ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್ ಬಾಕಿ ಇದ್ದರೆ ಅಷ್ಟು ದಿನ ಊರ ಹತ್ತಿರದ ಆಸ್ಪತ್ರೆಯಲ್ಲಿ ಇರಿಸಬಹುದು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರು ಇನ್ನೂ ಸ್ವಲ್ಪ ದೂರ, ನಡುವೆ ಘಾಟಿ ಬೇರೆ. ದಿನಾ ಬುತ್ತಿ ಹೊತ್ತು ಓಡಾಡುವವರಿಗೆ ಈ ದೂರದ ಕಷ್ಟ ಗೊತ್ತು. ಮಡಿಕೇರಿಯ ಜಿಲ್ಲಾ ಆಸ್ಪತ್ರೆ 2016ರಿಂದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಜೊತೆ ಸೇರಿಕೊಂಡು ನಡೆಯುತ್ತಿದೆ. ಅಲ್ಲೂ ವಿಚಾರಿಸಿ. ಹೋಗುವ ಮೊದಲು ದೊಡ್ಡ ಆಸ್ಪತ್ರೆಯ ಡಾಕ್ಟರ್ ಕೈಯಿಂದ ಇಲ್ಲಿನ ಡಾಕ್ಟರಿಗೆ ಒಂದು ಫೋನ್ ಮಾಡಿಸಿದರೆ ಬಹಳ ಅನುಕೂಲ.

ಬೇಡದ ದಿನಗಳಿಗೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುವುದು ಮಾತ್ರ ಒಳ್ಳೇದಲ್ಲ. ಅಲ್ಲಿ ಮಲಗಿಯೇ ಇರುತ್ತಾರೆ. ವಯಸ್ಸಾದ ಕಾಲಿನ ಕಸುವು ಮಲಗಿದಷ್ಟೂ ಇಳಿಯುತ್ತದೆ.

ಮನೆಗೆ, ಮನೆಯವರೇ ನೋಡಿಕೊಳ್ಳುವುದು

ಅಮ್ಮನನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಅಮ್ಮಂದಿರು ಹೇಳುವುದು ಇದನ್ನೇ. ನಮ್ಮ ಅವ್ವನೂ ಹೇಳಿದಳು. "ಸತ್ರೂ ನಮ್ಮನೇಲಿ ಸಾಯ್ತೀನಿ ಕಣೋ, ಇಲ್ಲಿ ಬೇಡ."

ಒಬ್ಬರು ಹಿಡಿದರೆ ಎದ್ದು ವಾಕರ್ ಹಿಡಿದು ನಡೆಯುವ ಅಮ್ಮ, ಮನೆಯಲ್ಲಿ ಕೆಲಸಕ್ಕೆ ಹೋಗದ ಗಟ್ಟಿಮುಟ್ಟಾದ ಇಬ್ಬರು, ವಾರಕ್ಕೆ ಎರಡು ಮೂರು ಸಲವಾದರೂ ಬರುವ ಫಿಸಿಯೋ. ಈ ಮೂರೂ ಇದ್ದರೆ ಬೇರೆ ಯೋಚನೆ ಬೇಡ, ಮನೆಯೇ ಒಳ್ಳೇದು. ಇದರಲ್ಲಿ ಒಂದು ಇಲ್ಲದಿದ್ದರೂ ಮುಂದೆ ಓದಿ.

ಕೊಡಗಿನ ಮನೆಗಳಿಗೆ ಅವುಗಳದ್ದೇ ತೊಂದರೆ ಇದೆ. ಹಳೇ ಮನೆಗೆ ಮೆಟ್ಟಿಲು ಜಾಸ್ತಿ. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರಿ ಗಾಜಿನ ಹಾಗೆ ಜಾರುತ್ತದೆ. ಬಚ್ಚಲು ಎಷ್ಟೋ ಕಡೆ ಇನ್ನೂ ಹೊರಗೆ. ಹೊಸ್ತಿಲು ಅರ್ಧ ಅಡಿ ಎತ್ತರ. ವಾಕರ್ ಅದನ್ನು ದಾಟುವುದಿಲ್ಲ. ಅವ್ವನನ್ನು ಕರೆದುಕೊಂಡು ಬರುವ ಮೊದಲು ನಾವು ಎರಡು ದಿನದಲ್ಲಿ ಮಾಡಿದ ಕೆಲಸ ಇಷ್ಟು: ಮಂಚವನ್ನು ಬಚ್ಚಲಿಗೆ ಹತ್ತಿರದ ಕೋಣೆಗೆ ತಂದೆವು. ಗೋಡೆಗೆ ಕಬ್ಬಿಣದ ಹಿಡಿಕೆ ಕೂರಿಸಿದೆವು. ಒಂದು ಕಮೋಡ್ ಕುರ್ಚಿ ತಂದೆವು. ಕಾಲೊರಸು, ಚಾಪೆ, ಕಂಬಳಿ ತುಂಡು, ನೆಲದ ಮೇಲೆ ಇದ್ದದ್ದನ್ನೆಲ್ಲ ತೆಗೆದೆವು. ರಾತ್ರಿಗೆ ಒಂದು ಸಣ್ಣ ಚಾರ್ಜಿಂಗ್ ಲೈಟು.

ಕೀಲು ಬದಲಾಯಿಸಿದವರಿಗೆ ಕೆಳಗೆ ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ ಆಗುವುದೇ ಇಲ್ಲ. ಸಾಮಾನ್ಯವಾಗಿ ಮೊದಲ ಕೆಲವು ವಾರ ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಿ ಚಪ್ಪಲಿ ಹಾಕಬಾರದು. ಮೂಳೆಗೆ ಸರಳು ಹಾಕಿದವರಿಗೆ ನಿಯಮ ಬೇರೆ. ಆದ್ದರಿಂದ ಯಾವ ಆಪರೇಷನ್, ಎಷ್ಟು ಭಾರ ಹಾಕಬಹುದು, ಏನು ಮಾಡಬಾರದು ಅನ್ನುವುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಇದನ್ನು ಫಿಸಿಯೋ ನಮ್ಮ ಮುಂದೆಯೇ ಮಾಡಿಸಿ ತೋರಿಸಿದರು. ನೀವೂ ಹಾಗೆ ಮಾಡಿಸಿಕೊಂಡೇ ಹೊರಡಿ.

ಈಗ ಮನೆಯಲ್ಲಿ ನೋಡಿಕೊಳ್ಳುವವರ ಮಾತು. "ಮನೆಯವರೇ ನೋಡ್ಕೊಳ್ತೀವಿ" ಅಂದರೆ ನಮ್ಮಲ್ಲಿ ಅರ್ಥ ಸೊಸೆ ಅಥವಾ ಮಗಳು. ರಾತ್ರಿ ನಾನೂ ಏಳುತ್ತಿದ್ದೆ, ಆದರೆ ಹಗಲಿಡೀ ಎತ್ತಿ ಕೂರಿಸಿ ತೊಳೆದು ಮಾಡಿದ್ದು ನನ್ನ ಹೆಂಡತಿ. ಎರಡನೇ ವಾರದ ಕೊನೆಗೆ ಒಂದು ರಾತ್ರಿ ಅವ್ವನನ್ನು ಕುರ್ಚಿಯಿಂದ ಮಂಚಕ್ಕೆ ದಾಟಿಸುವಾಗ ಅವಳ ಸೊಂಟ ಹಿಡಿದುಕೊಂಡಿತು. ಅಲ್ಲೇ ಗೋಡೆಗೆ ಒರಗಿ ನಿಂತುಬಿಟ್ಟಳು. ಅವ್ವ ಅರ್ಧ ಮಂಚದ ಮೇಲೆ, ಅರ್ಧ ನನ್ನ ಕೈಯಲ್ಲಿ. ಹೆಂಡತಿ ಅಳಲಿಲ್ಲ, "ನಾಳೆಯಿಂದ ಯಾರನ್ನಾದ್ರೂ ಕರ್ಸಿ" ಅಂದಳು. ನಾನು ಅದನ್ನು ಒಂದು ವಾರ ಮೊದಲೇ ಮಾಡಬೇಕಿತ್ತು. ನೋಡಿಕೊಳ್ಳುವವರ ಬೆನ್ನೇ ಕೈಕೊಟ್ಟರೆ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ. ದೂರದಲ್ಲಿರುವ ಮಕ್ಕಳು ದಯವಿಟ್ಟು ಇದನ್ನು ಓದಿ. ಫೋನಿನಲ್ಲಿ ಅಮ್ಮ ಹೇಗಿದ್ದಾಳೆ ಅಂತ ಕೇಳಿದ ಮೇಲೆ ಅತ್ತಿಗೆ ಹೇಗಿದ್ದೀರಾ ಅಂತಲೂ ಕೇಳಿ. ತಿಂಗಳಿಗೆ ನಾಲ್ಕು ದಿನ ಬಂದು ರಾತ್ರಿ ನೀವು ಎದ್ದರೆ ಇನ್ನೂ ಒಳ್ಳೇದು.

ಮನೆಯಲ್ಲೇ ಹೋಂ ನರ್ಸ್ ಇಟ್ಟುಕೊಳ್ಳುವುದು

ಇದು ಈಗ ಕೊಡಗಿನಲ್ಲಿ ಎಲ್ಲರೂ ಹಿಡಿಯುವ ದಾರಿ. ಒಳ್ಳೆಯವರು ಸಿಕ್ಕರೆ ಇದಕ್ಕಿಂತ ಒಳ್ಳೇದು ಇಲ್ಲ. ಅಮ್ಮ ತನ್ನ ಮನೆಯಲ್ಲೇ, ತನ್ನ ಮಂಚದಲ್ಲೇ ಇರುತ್ತಾರೆ. ಬೇಕಾದಾಗ ಗಂಜಿ ಸಿಗುತ್ತದೆ, ಕಿಟಕಿಯಿಂದ ಕಣ ಕಾಣುತ್ತದೆ.

ಆದರೆ ಹೋಂ ನರ್ಸ್ ಅಂದ ಮಾತ್ರಕ್ಕೆ ನರ್ಸ್ ಅಲ್ಲ. ಬಹಳ ಜನ ಕೆಲವು ವಾರ, ಕೆಲವು ತಿಂಗಳು ತರಬೇತಿ ಪಡೆದ ಆಯಾಗಳು. ಸ್ನಾನ, ಊಟ, ಡೈಪರ್, ನಡೆಸುವುದು, ಇದಕ್ಕೆ ಅವರು ಸಾಕು. ಮೂಗಿನಿಂದ ಹೊಟ್ಟೆಗೆ ಟ್ಯೂಬ್, ಆಳದ ಗಾಯ, ಇನ್ಸುಲಿನ್ ಲೆಕ್ಕ, ಆಕ್ಸಿಜನ್ ಇದ್ದರೆ ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಓದಿ ಕರ್ನಾಟಕ ಅಥವಾ ಬೇರೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಾಯಿಸಿದವರೇ ಬೇಕು. ನೋಂದಣಿ ಪತ್ರ ಕೇಳಿ ನೋಡಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಏಜೆನ್ಸಿ ಬೇಡವೇ ಬೇಡ.

ನಮ್ಮ ಮನೆಗೆ ಬಂದ ಮೊದಲ ಹುಡುಗಿ ಒಂಬತ್ತು ದಿನ ಇದ್ದಳು. ಕೆಲಸದಲ್ಲಿ ಏನೂ ಹೇಳುವ ಹಾಗಿರಲಿಲ್ಲ. ಆದರೆ ಆ ವಾರ ಮಳೆ ಬಿಡಲೇ ಇಲ್ಲ. ಮೂರು ದಿನ ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಅವಳ ಊರಿನ ಜೊತೆ ಮಾತಿಲ್ಲ. ಹತ್ತನೇ ದಿನ ಬೆಳಿಗ್ಗೆ ಬ್ಯಾಗ್ ಹಿಡಿದು ಜಗಲಿಯಲ್ಲಿ ಕುಳಿತಿದ್ದಳು. "ಅಣ್ಣಾ, ನನ್ನ ಬಸ್ ಹತ್ತಿಸಿ, ಇಲ್ಲಿ ನಂಗೆ ಭಯ ಆಗುತ್ತೆ." ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ತೋಟದ ಒಂಟಿ ಮನೆ ನಮಗೆ ಅಭ್ಯಾಸ, ಅವಳಿಗಲ್ಲ. ಏಜೆನ್ಸಿಯವರು ಬದಲಿ ಕಳಿಸುತ್ತೇವೆ ಅಂದವರು ಹನ್ನೊಂದು ದಿನ ಕಳಿಸಲಿಲ್ಲ. ಮುಂಗಡ ಕೊಟ್ಟದ್ದು ವಾಪಸ್ ಬರಲಿಲ್ಲ.

ಆ ಹನ್ನೊಂದು ದಿನದಲ್ಲೇ ಅವ್ವನ ಹಿಮ್ಮಡಿಯಲ್ಲಿ ಗಾಯ ಆಯಿತು. ಮೊದಲು ನೋಡಿದಾಗ ಕಾಫಿ ಹಣ್ಣಿನಷ್ಟು ಒಂದು ಕೆಂಪು ಕಲೆ. ಬೆರಳಿನಿಂದ ಒತ್ತಿದರೂ ಬಿಳಿಯಾಗಲಿಲ್ಲ, ಕೆಂಪು ಕೆಂಪಾಗಿಯೇ ಇತ್ತು. ಎಣ್ಣೆ ಹಚ್ಚಿ ಉಜ್ಜಿದೆವು. ಅದೇ ತಪ್ಪು. ಒತ್ತಿದರೂ ಬಣ್ಣ ಮಾಯವಾಗದ ಕೆಂಪು ಅಂದರೆ ಬೆಡ್ ಸೋರಿನ ಮೊದಲ ಹಂತ. ಅದನ್ನು ಉಜ್ಜಬಾರದು. ಆ ಜಾಗಕ್ಕೆ ಭಾರ ಬೀಳದ ಹಾಗೆ ಮಾಡಬೇಕು, ಅಷ್ಟೇ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವ ಹಾಗೆ ಇಡಬೇಕು. ತಾವೇ ತಿರುಗದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ನಾಲ್ಕನೇ ದಿನ ಚರ್ಮ ಬಿರಿಯಿತು. ಅದು ಮಾಯಲು ಎರಡು ತಿಂಗಳು ಹಿಡಿಯಿತು.

ಆದ್ದರಿಂದ ಹೋಂ ನರ್ಸ್ ದಾರಿ ಹಿಡಿಯುವವರು ಮಾತಾಡುವಾಗಲೇ ಕೇಳಬೇಕಾದದ್ದು: ಬಿಟ್ಟು ಹೋದರೆ ಎಷ್ಟು ದಿನದಲ್ಲಿ ಬದಲಿ ಬರುತ್ತಾರೆ, ಬರದಿದ್ದರೆ ಹಣ ವಾಪಸ್ ಉಂಟಾ, ಬರೆದು ಕೊಡುತ್ತೀರಾ. 24 ಗಂಟೆ ಅಂತ ಇಟ್ಟುಕೊಂಡವರು ಮಲಗುವುದು ಯಾವಾಗ ಅಂತ ನೀವೂ ಯೋಚಿಸಿ. ಒಬ್ಬಳೇ ಹುಡುಗಿ ಹಗಲೂ ರಾತ್ರಿಯೂ ಎಚ್ಚರ ಇರಲು ಆಗುವುದಿಲ್ಲ. ರಾತ್ರಿ ನಾಲ್ಕು ಸಲ ಏಳುವ ಅಮ್ಮನಿಗೆ ಹಗಲಿಗೊಬ್ಬರು ರಾತ್ರಿಗೊಬ್ಬರು ಬೇಕು, ಇಲ್ಲವೇ ರಾತ್ರಿ ಪಾಳಿ ಮನೆಯವರದ್ದು. ಬಂದವರಿಗೆ ಚಿಲಕ ಇರುವ ಒಂದು ಕೋಣೆ, ಬಿಸಿನೀರು, ಒಳ್ಳೆ ಊಟ, ವಾರಕ್ಕೊಂದು ರಜೆ ಕೊಡಿ. ಅವರು ಉಳಿಯುವುದು ಇದರಿಂದಲೇ. ಎರಡನೆಯವರಾಗಿ ಬಂದ ಅಕ್ಕನಿಗೆ ನಾವು ಮನೆಯ ವೈಫೈ ಕೊಟ್ಟೆವು, ಭಾನುವಾರ ಪೇಟೆಗೆ ಬಿಟ್ಟು ಬರುತ್ತಿದ್ದೆವು. ಅವರು ಕೊನೆಯವರೆಗೂ ನಮ್ಮ ಮನೆಯವರ ಹಾಗೇ ಇದ್ದರು.

ಮಳೆಗಾಲದ ಲೆಕ್ಕ ಬೇರೆ

ಬೇರೆ ಜಿಲ್ಲೆಯವರಿಗೆ ಬರೆದ ಸಲಹೆಗಳಲ್ಲಿ ಇದು ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳು ಬೇರೆಯೇ ಮನೆಗಳು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ದಾರಿಯೇ ಮುಚ್ಚಿಹೋಗಿತ್ತು. ಮಂಗಳೂರಿನ ಡಾಕ್ಟರನ್ನು ನಂಬಿದವರೆಲ್ಲ ಮೈಸೂರಿಗೆ ತಿರುಗಬೇಕಾಯಿತು. ಅಷ್ಟು ದೊಡ್ಡದು ಬೇಡ, ಒಂದು ಸಿಲ್ವರ್ ಮರ ಅಡ್ಡ ಬಿದ್ದರೆ ಸಾಕು, ತೋಟದ ರಸ್ತೆಗೆ 108 ಆಂಬುಲೆನ್ಸ್ ಬರುವುದಿಲ್ಲ. ಸಿದ್ದಾಪುರದ ಕಡೆಯವರಿಗೆ ರಾತ್ರಿ ಆನೆಯ ಚಿಂತೆಯೂ ಇದೆ.

ಇನ್ನು ಕರೆಂಟ್. ಬೆಡ್ ಸೋರ್ ಆಗದ ಹಾಗೆ ಹಾಕುವ ಏರ್ ಬೆಡ್ಡಿನ ಪಂಪಿಗೆ ಕರೆಂಟ್ ಬೇಕು. ಅದು ಬಹಳ ಕಮ್ಮಿ ಎಳೆಯುತ್ತದೆ, ಮನೆಯ ಇನ್‌ವರ್ಟರ್ ಸಾಕು. ಆದರೆ ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಯಂತ್ರ, ಆಕ್ಸಿಜನ್ ಕಾನ್ಸಂಟ್ರೇಟರ್, ಬಹಳ ಜಾಸ್ತಿ ಎಳೆಯುತ್ತದೆ. ಮೂರು ದಿನ ಕರೆಂಟ್ ಹೋಗುವ ಊರಲ್ಲಿ ಜನರೇಟರ್ ಮತ್ತು ತುಂಬಿದ ಸಿಲಿಂಡರ್ ಎರಡೂ ಇಲ್ಲದೆ ಅದನ್ನು ನಂಬಬಾರದು. ಅಂಥ ಅಮ್ಮಂದಿರು ಮಳೆಗಾಲದಲ್ಲಿ ತೋಟದ ಮನೆಯಲ್ಲಿ ಇರುವುದೇ ಬೇಡ.

ಚಳಿಗೆ ಬಿಸಿನೀರಿನ ಚೀಲ ಕಾಲಿಗೆ ಇಡುವ ಅಭ್ಯಾಸ ಎಲ್ಲ ಮನೆಯಲ್ಲೂ ಇದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟರೂ ಗೊತ್ತಾಗುವುದಿಲ್ಲ. ದಪ್ಪ ಕಾಲುಚೀಲ ಸಾಕು.

ನಡುವಿನ ದಾರಿ ಒಂದಿದೆ. ಯಾಕೋ ಜನ ಇದನ್ನು ಯೋಚಿಸುವುದೇ ಕಮ್ಮಿ. ನಮ್ಮ ದೊಡ್ಡಮ್ಮನ ಮಗ ಮಾಡಿದ್ದು ಇದು. ಮಳೆಯ ನಾಲ್ಕು ತಿಂಗಳಿಗೆ ಕುಶಾಲನಗರದಲ್ಲಿ ನೆಲಮಹಡಿಯ ಒಂದು ಮನೆ ಬಾಡಿಗೆಗೆ ಹಿಡಿದರು. ಅಲ್ಲಿ ಮಳೆ ಕಮ್ಮಿ, ರಸ್ತೆ ಸಮ, ಆಟೋ ಬಾಗಿಲಿಗೆ ಬರುತ್ತದೆ, ಮೈಸೂರು ಎರಡು ಗಂಟೆ ದಾರಿ. ಹೋಂ ನರ್ಸ್ ಕೂಡ ಪೇಟೆ ಮನೆ ಅಂದರೆ ಖುಷಿಯಾಗಿ ಬರುತ್ತಾರೆ. ಕಾವೇರಿ ದಡದ ತಗ್ಗಿನ ಬಡಾವಣೆ ಮಾತ್ರ ಬೇಡ. 2018 ಮತ್ತು 2019ರಲ್ಲಿ ಅಲ್ಲಿ ಮನೆಗಳಿಗೆ ನೀರು ನುಗ್ಗಿತ್ತು.

ಬೆಂಗಳೂರಿನ ಮಗನ ಮನೆ

ದೊಡ್ಡ ಆಸ್ಪತ್ರೆ ಹತ್ತಿರ, ಫಿಸಿಯೋ ದಿನಾ ಬರುತ್ತಾರೆ, ಲಿಫ್ಟ್ ಇದೆ. ಡಾಕ್ಟರಿಗೆ ಪದೇ ಪದೇ ತೋರಿಸಬೇಕಾದ ಮೊದಲ ಎರಡು ತಿಂಗಳಿಗೆ ಒಳ್ಳೇದೇ. ಆದರೆ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋದರೆ ಅಮ್ಮ ಹತ್ತು ಗಂಟೆ ಒಬ್ಬರೇ. ಎರಡು ಮಕ್ಕಳ ಮನೆಗೆ ಹದಿನೈದು ಹದಿನೈದು ದಿನ ಹಂಚುವುದಂತೂ ಬೇಡ. ಪ್ರತಿ ಸಲ ಹೊಸ ಮಂಚ, ಹೊಸ ಬಚ್ಚಲು, ಹೊಸ ಕತ್ತಲೆ. ಬೀಳುವುದು ಅಲ್ಲೇ.

ವೃದ್ಧಾಶ್ರಮ ಬೇರೆ, ಪಾಲನಾ ಕೇಂದ್ರ ಬೇರೆ

ವೃದ್ಧಾಶ್ರಮ ಸಾಮಾನ್ಯವಾಗಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಹಿರಿಯರಿಗೆ. ಎದ್ದು ನಡೆಯುವವರನ್ನು ಸೇರಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದರೆ ಕರೆದುಕೊಂಡು ಹೋಗಿ ಅನ್ನುವ ಕಡೆಗಳೂ ಉಂಟು. ಆಸ್ಪತ್ರೆಯಿಂದ ಬಂದ ಅಮ್ಮನಿಗೆ ಬೇಕಾದದ್ದು ರಾತ್ರಿ ಪಾಳಿಯ ಸಿಬ್ಬಂದಿ, ನರ್ಸ್, ಫಿಸಿಯೋ ಇರುವ ಪಾಲನಾ ಕೇಂದ್ರ. ಇಂಥವು ಹೆಚ್ಚಾಗಿ ಇರುವುದು ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿ. ಕೆಲವು ಕಡೆ ಒಂದೆರಡು ತಿಂಗಳಿಗೆ ಮಾತ್ರವೂ ಸೇರಿಸಿಕೊಳ್ಳುತ್ತಾರೆ.

ಹಿಮ್ಮಡಿ ಗಾಯ ಆದ ಮೇಲೆ ಆಗಸ್ಟ್‌ನಲ್ಲಿ ನಾವು ಅವ್ವನನ್ನು ಮೈಸೂರಿನ ಒಂದು ಕೇಂದ್ರಕ್ಕೆ ಸೇರಿಸಿದೆವು. ಊರಲ್ಲಿ ಮಾತು ಬಂತು. "ಇಷ್ಟು ದೊಡ್ಡ ತೋಟ ಇಟ್ಕೊಂಡು ತಾಯಿನ ಆಶ್ರಮಕ್ಕೆ ಹಾಕಿದ್ರು." ಆ ಮಾತು ನನಗೆ ಬಹಳ ದಿನ ಚುಚ್ಚಿತು. ಆದರೆ ಅಲ್ಲಿ ರಾತ್ರಿ ಎರಡು ಗಂಟೆಗೆ ಎಬ್ಬಿಸುವವರು ಇದ್ದರು. ಗಾಯಕ್ಕೆ ದಿನಾ ಡ್ರೆಸ್ಸಿಂಗ್ ಆಯಿತು. ಬೆಳಿಗ್ಗೆ ಸಂಜೆ ನಡೆಸಿದರು. ನವೆಂಬರ್ ಹೊತ್ತಿಗೆ ಅವ್ವ ವಾಕರ್ ಹಿಡಿದು ಒಬ್ಬಳೇ ಊಟದ ಮೇಜಿಗೆ ಬರುತ್ತಿದ್ದಳು. ಡಿಸೆಂಬರಿನಲ್ಲಿ ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಮನೆಗೆ ಕರೆದುಕೊಂಡು ಬಂದೆವು. ಕಣದಲ್ಲಿ ಹಣ್ಣು ಹರಡುವುದನ್ನು ಕುರ್ಚಿಯಲ್ಲಿ ಕುಳಿತು ನೋಡಿದಳು. ಆ ನಾಲ್ಕು ತಿಂಗಳು ಕೇಂದ್ರದಲ್ಲಿ ಇರದೆ ಹೋಗಿದ್ದರೆ ಈ ಕುಯ್ಲು ನೋಡುತ್ತಿರಲಿಲ್ಲ ಅಂತ ನಾನು ಖಂಡಿತ ನಂಬುತ್ತೇನೆ.

ಜಾಗ ಆರಿಸಲು ನಾವು ನಾಲ್ಕು ಕಡೆ ನೋಡಿದೆವು. ಬೆಳಿಗ್ಗೆ ಹನ್ನೊಂದಕ್ಕೆ ಹೇಳಿ ಹೋದರೆ ಎಲ್ಲ ಜಾಗವೂ ಚೆನ್ನಾಗಿಯೇ ಇರುತ್ತದೆ. ಹೇಳದೆ ಸಂಜೆ ಏಳರ ಮೇಲೆ ಹೋಗಿ. ಊಟದ ಹೊತ್ತು, ಪಾಳಿ ಬದಲಾಗುವ ಹೊತ್ತು. ಆಗ ಕಾಣುವುದೇ ನಿಜ. ಒಂದು ಕಡೆ ಕಟ್ಟಡ ಹೋಟೆಲಿನ ಹಾಗಿತ್ತು, ಆದರೆ ನೀರಿನ ಲೋಟ ಯಾರ ಕೈಗೂ ಎಟುಕದ ದೂರದ ಮೇಜಿನ ಮೇಲೆ ಇತ್ತು. ಇನ್ನೊಂದು ಕಡೆ ಹಳೇ ಹೆಂಚಿನ ಮನೆ. ಒಬ್ಬ ಆಯಾ ಅಜ್ಜಿಯೊಬ್ಬರ ಮುಂದೆ ಸ್ಟೂಲ್ ಹಾಕಿಕೊಂಡು, ನೆಟ್ಟಗೆ ಕೂರಿಸಿ, ಒಂದು ತುತ್ತು ನುಂಗಿದ ಮೇಲೆಯೇ ಇನ್ನೊಂದು ತುತ್ತು ಕೊಡುತ್ತಿದ್ದಳು. ಅವಸರ ಇರಲಿಲ್ಲ. ನಾವು ಆರಿಸಿದ್ದು ಅದನ್ನೇ. ಅಲ್ಲಿರುವವರ ಉಗುರು ನೋಡಿ, ಹಿಮ್ಮಡಿ ನೋಡಿ, ಕೋಣೆಯ ವಾಸನೆ ನೋಡಿ.

ಮಾತಿನಲ್ಲಿ ಕೇಳಬೇಕಾದದ್ದು:
- ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ, ಅವರಲ್ಲಿ ನೋಂದಾಯಿತ ನರ್ಸ್ ಎಷ್ಟು?
- ಡಾಕ್ಟರ್ ವಾರಕ್ಕೆ ಎಷ್ಟು ಸಲ ಬರುತ್ತಾರೆ? ತುರ್ತಿಗೆ ಯಾವ ಆಸ್ಪತ್ರೆ, ಜೊತೆಗೆ ಯಾರು ಹೋಗುತ್ತಾರೆ?
- ತಿಂಗಳ ಹಣದಲ್ಲಿ ಸೇರದೆ ಇರುವುದು ಏನೇನು? ಡೈಪರ್, ಮಾತ್ರೆ, ಫಿಸಿಯೋ, ಡ್ರೆಸ್ಸಿಂಗ್, ಎಲ್ಲವನ್ನೂ ಬರೆಸಿಕೊಳ್ಳಿ.
- ನಡುವೆ ಆಸ್ಪತ್ರೆಗೆ ಸೇರಿದರೆ ಆ ದಿನಗಳ ಹಣ ಕೊಡಬೇಕಾ? ಬಿಟ್ಟು ಹೋದರೆ ಮುಂಗಡ ವಾಪಸ್ ಯಾವಾಗ?
- ಗಲಾಟೆ ಮಾಡುವವರನ್ನು ಮಂಚಕ್ಕೆ ಕಟ್ಟುತ್ತೀರಾ? ಉತ್ತರಕ್ಕಿಂತ ಉತ್ತರ ಕೊಡುವವರ ಮುಖ ನೋಡಿ.
- ನಾವು ಯಾವಾಗ ಬೇಕಾದರೂ ಬಂದು ನೋಡಬಹುದಾ?

ನಮ್ಮ ಜಿಲ್ಲೆಯವರು ಮರೆಯುವ ಎರಡು ಪ್ರಶ್ನೆ ಇನ್ನೂ ಇವೆ. ಒಂದು ಊಟ. ಬಹಳ ಕೇಂದ್ರಗಳಲ್ಲಿ ಸಸ್ಯಾಹಾರ ಮಾತ್ರ. ಹುಟ್ಟಿದಾಗಿನಿಂದ ಮೀನು ಮಾಂಸ ತಿಂದ ಅಮ್ಮನಿಗೆ, ಅದೂ ಗಾಯ ಮಾಯಲು ಪ್ರೋಟೀನ್ ಬೇಕಾದ ಹೊತ್ತಿನಲ್ಲಿ, ಮೊಟ್ಟೆಯಾದರೂ ಕೊಡುತ್ತಾರಾ ಕೇಳಿ. ಇನ್ನೊಂದು ಭಾಷೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಮಾತಾಡುವ ಅಮ್ಮಂದಿರು ವಯಸ್ಸಾದ ಮೇಲೆ, ನೋವಿನಲ್ಲಿ, ಅದನ್ನೇ ಆಡುತ್ತಾರೆ. ನೀರು, ನೋವು, ಬಚ್ಚಲು, ಚಳಿ, ಹಸಿವು, ಇಂಥ ಇಪ್ಪತ್ತು ಪದಗಳನ್ನು ಕನ್ನಡದ ಅರ್ಥದ ಜೊತೆ ದೊಡ್ಡದಾಗಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿ.

ಹಣ, ಕಾಗದ

ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲಿಗೆ. ಹೋಂ ನರ್ಸಿಗೂ ಪಾಲನಾ ಕೇಂದ್ರಕ್ಕೂ ಸಾಮಾನ್ಯವಾಗಿ ಅದು ಬರುವುದಿಲ್ಲ. ಡಿಸ್ಚಾರ್ಜ್ ಆದ ಮೇಲಿನ ಕೆಲವು ವಾರದ ಮಾತ್ರೆ, ಪರೀಕ್ಷೆಯ ಖರ್ಚು ಬರಬಹುದು, ಬಿಲ್ ಇಟ್ಟುಕೊಳ್ಳಿ. ಆದ್ದರಿಂದ ಒಂದು ವರ್ಷಕ್ಕೆ ಎಷ್ಟಾಗುತ್ತದೆ ಅಂತ ಮೂರು ಮಕ್ಕಳು ಮೊದಲೇ ಕೂತು ಬರೆಯಿರಿ. ನಮ್ಮಲ್ಲಿ ಅಣ್ಣ ಹಣ ಜಾಸ್ತಿ ಹಾಕಿದ, ನಾನು ಓಡಾಟ, ಅಕ್ಕ ತಿಂಗಳಿಗೊಂದು ವಾರ ಜೊತೆಗಿದ್ದಳು.

ಅಮ್ಮನ ಖಾತೆಗೆ ಒಬ್ಬರನ್ನು ಜಂಟಿಯಾಗಿ ಸೇರಿಸುವುದು ಅವರು ತಿಳಿವಳಿಕೆಯಲ್ಲಿ ಇರುವಾಗಲೇ ಆಗಬೇಕು. ಸರ್ಕಾರಿ ಪಿಂಚಣಿಯ ಜೀವನ ಪ್ರಮಾಣ ಪತ್ರ ನವೆಂಬರಿನಲ್ಲಿ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು, ಮೊಬೈಲಿನಲ್ಲಿ ಮುಖ ತೋರಿಸಿಯೂ ಆಗುತ್ತದೆ, ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕಿಲ್ಲ. ನೋಡಿಕೊಳ್ಳುವವರೇ ಇಲ್ಲದ, ಮಕ್ಕಳು ಕೈಬಿಟ್ಟ ಹಿರಿಯರು ನಿಮ್ಮ ಊರಲ್ಲಿದ್ದರೆ 14567ಕ್ಕೆ ಫೋನ್ ಮಾಡಿ, ಹಿರಿಯರ ಸಹಾಯವಾಣಿ. ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಯ 2007ರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಯ ಮುಂದೆ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕು ಅವರಿಗೆ ಇದೆ.

ಎರಡನೇ ಸಲ

ಮರುವರ್ಷ ಅವ್ವನಿಗೆ ಮರೆವು ನಿಜವಾಗಿಯೂ ಬಂತು. ಇದು ಆಸ್ಪತ್ರೆಯ ಗೊಂದಲದ ಹಾಗಲ್ಲ. ನಿಧಾನವಾಗಿ, ತಿಂಗಳಿಂದ ತಿಂಗಳಿಗೆ. ರಾತ್ರಿ ಬಾಗಿಲು ತೆಗೆದು ತೋಟಕ್ಕೆ ಇಳಿಯಲು ಶುರು ಮಾಡಿದಳು. ಎರಡು ಸಲ ಕೆರೆಯ ದಾರಿಯಲ್ಲಿ ಸಿಕ್ಕಿದಳು. ಆಗ ಮತ್ತೆ ಅದೇ ಕೇಂದ್ರ, ಈ ಸಲ ಅಲ್ಲೇ ಇರಲು. ಹೋಗುವ ಮೊದಲು ಅವಳಿಗೆ ಸುಳ್ಳು ಹೇಳಬೇಡಿ ಅಂತ ಅಕ್ಕ ಹಟ ಹಿಡಿದಳು. "ಅವ್ವಾ, ಅಲ್ಲಿ ರಾತ್ರಿ ನಿನ್ನ ನೋಡ್ಕೊಳ್ಳೋರು ಇದ್ದಾರೆ. ನಾವು ಬರ್ತಾ ಇರ್ತೀವಿ" ಅಂತಲೇ ಹೇಳಿದೆವು. ಅವಳು ಕೇಳಿಸಿಕೊಂಡಳು. ಏನೂ ಹೇಳಲಿಲ್ಲ. ತನ್ನ ಎಲೆ ಅಡಿಕೆ ಡಬ್ಬಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

ಮನೆಯಿಂದ ತೆಗೆದುಕೊಂಡು ಹೋದದ್ದು: ಆ ಡಬ್ಬಿ, ಅವಳ ಕಂಬಳಿ, ಅಪ್ಪನ ಫೋಟೋ, ಮನೆಯ ತಲೆದಿಂಬು, ದೊಡ್ಡ ಅಂಕಿಯ ಗಡಿಯಾರ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ, ನಿಲ್ಲಿಸಿದ ಮಾತ್ರೆಗಳ ಪಟ್ಟಿ. ಜೊತೆಗೆ ಒಂದು ಹಾಳೆಯಲ್ಲಿ ಅವಳ ಬಗ್ಗೆ ಬರೆದುಕೊಟ್ಟೆವು. ಹೆಸರು ಹಿಡಿದು ಕರೆದರೆ ಇಷ್ಟ ಇಲ್ಲ, ಅಮ್ಮ ಅನ್ನಿ. ಕಾಫಿಗೆ ಬೆಲ್ಲ. ಬಲಗಿವಿ ಚೆನ್ನಾಗಿ ಕೇಳುತ್ತದೆ, ಆ ಕಡೆಯಿಂದ ಮಾತಾಡಿ. ಸಂಜೆ ಹಸುವಿನ ಚಿಂತೆ ಮಾಡಿದರೆ, ಕಟ್ಟಿ ಆಗಿದೆ ಅನ್ನಿ.

ಮೊದಲ ವಾರ ದಿನಾ ಯಾರಾದರೂ ಒಬ್ಬರು ಹೋದೆವು, ಬೇರೆ ಬೇರೆ ಹೊತ್ತಿಗೆ. ಈಗ ಭಾನುವಾರ ನಾವು, ಬುಧವಾರ ಅಕ್ಕ. ಹೋದ ತಕ್ಷಣ ಕಂಬಳಿ ಸರಿಸಿ ಹಿಮ್ಮಡಿ ನೋಡುತ್ತೇನೆ, ಆಮೇಲೆ ಕುರ್ಚಿ ಎಳೆದುಕೊಂಡು ಬಲಗಡೆ ಕೂರುತ್ತೇನೆ. ಹೋದ ವಾರ ತೋಟದ ಕಿತ್ತಳೆ ಎರಡು ಒಯ್ದಿದ್ದೆ. ಒಂದನ್ನು ತಿಂದಳು, ಇನ್ನೊಂದನ್ನು ಪಕ್ಕದ ಮಂಚದ ಅಜ್ಜಿಗೆ ಕೊಡು ಅಂದಳು.